ಓರೆ ಕೂತ ಕೊರಡು

ಕರೀಂ ಸಾಹೇಬರಿಗೆ ಮನೆಯಲ್ಲಿ ಮಾತು ಉರ್ದು, ಸಿಟ್ಟು ಮಾತ್ರ ಕನ್ನಡ. ಚನ್ನಪಟ್ಟಣದ ಆ ಓಣಿಯಲ್ಲಿ ಬೆಳಿಗ್ಗೆ ಹತ್ತು ಗಂಟೆಗೆ ಕನ್ನಡ ಜೋರಾಗಿ ಕೇಳಿಸಿತು ಅಂದರೆ ಅಕ್ಕಪಕ್ಕದವರು ತಲೆ ಎತ್ತಿ ನೋಡುವುದೂ ಇಲ್ಲ. ಮೂಲೆಮನೆಯ ಸಾಹೇಬರಿಗೆ ಯಾರೋ ಏನೋ ಅಂದಿರಬೇಕು ಅಂದುಕೊಂಡು ಮರ ಕಡೆಯುವ ತಮ್ಮ ತಮ್ಮ ಲೇತ್ ತಿರುಗಿಸುತ್ತಿರುತ್ತಾರೆ. ಅವತ್ತು ಅಂದವನು ಕೂಟಗಲ್ಲಿನ ಅಶ್ವಥ್.

ಅಶ್ವಥ್ ಮೂವತ್ತು ದಾಟಿದ ಮೆಕ್ಯಾನಿಕ್. ರಾಮನಗರದ ಹೆದ್ದಾರಿ ಪಕ್ಕ ಅವನ ಗ್ಯಾರೇಜು, ಊರಲ್ಲಿ ಹಿಪ್ಪುನೇರಳೆ ತೋಟ. ಸೊಂಟದ ಮೇಲೆ ಮಗಳನ್ನು ಕೂರಿಸಿಕೊಂಡು ಅಂಗಡಿಯ ಬಾಗಿಲಲ್ಲಿ ನಿಂತು, ಇನ್ನೊಂದು ಕೈಯಲ್ಲಿ ಮೊಬೈಲು ಮುಂದೆ ಹಿಡಿದಿದ್ದ.

“ಸಾಬ್ರೇ, ನಂಗೊಂದು ಹಾಟ್ ರಾಡ್ ಬೇಕಾಗಿತ್ತು.”

“ಇದು ಆಟದ ಸಾಮಾನಿನ ಅಂಗಡಿ ಕಣಪ್ಪ. ರಾಡು ಗೀಡು ಬೇಕಾದ್ರೆ ಕುಲುಮೆಗೆ ಹೋಗು.”

“ಆ ರಾಡಲ್ಲ ಸಾಬ್ರೇ, ಕಾರು! ಹಳೇ ಕಾರಿನ ತಲೆ ಕುಯ್ದು, ಹಿಂದಕ್ಕೆ ದೊಡ್ಡ ಚಕ್ರ ಹಾಕಿ, ಇಂಜಿನ್ನ ಮುಚ್ದೆ ಹಂಗೇ ಬುಟ್ಟುಬುಡ್ತರಲ್ಲ, ಅದುನ್ನ ಹಾಟ್ ರಾಡ್ ಅಂತರೆ. ನಾನೇ ಮಾಡಿವ್ನಿ, ಮೂರು ವರ್ಸ ಹಿಡೀತು. ರೋಡಿಗೆ ಬುಡಂಗಿಲ್ಲ, ಕಾನೂನು ಒಪ್ಪಕಿಲ್ಲ. ತೋಟದ ಗಾಡಿ ದಾರೀಲಿ ಮಾತ್ರ ಓಡುಸ್ತೀನಿ. ಈ ನನ್ ಮಗಳು ಸಿರಿ, ಕಾರು ಪಕ್ಕದಲ್ಲೇ ಮಲಿಕತೀನಿ ಅಂತ ರಂಪ ಮಾಡ್ತಾಳೆ. ಕಾರು ಹಾಸಿಗೆ ಮ್ಯಾಲೆ ಹೆಂಗೆ ತರಾನ ಹೇಳಿ? ಅದ್ಕೇ ಅಂತದ್ದೇ ಪುಟ್ಟದೊಂದು ಮಾಡ್ಕೊಡಿ. ಮುಂದಿನ ತಿಂಗ್ಳು ಇವಳಿಗೆ ಎರಡು ತುಂಬ್ತದೆ.”

ಸಾಹೇಬರು ಕನ್ನಡಕ ಏರಿಸಿ ಮೊಬೈಲು ನೋಡಿದರು. ಹೊಳೆಯುವ ಕೆಂಪು ಕಾರು. ಮೂತಿಯಿಂದ ಎದ್ದ ಹಳದಿ ಬೆಂಕಿ ಬಾನೆಟ್ಟಿನ ಎರಡೂ ಕಡೆ ನಾಲಿಗೆ ಚಾಚಿ ಹಿಂದಕ್ಕೆ ಓಡಿತ್ತು. ಅವರು ಬೆಂಕಿಯ ತುದಿಗಳನ್ನು ಬೆರಳಲ್ಲಿ ದೊಡ್ಡದು ಮಾಡಿ ನೋಡಿದರು. ಪ್ರತಿ ನಾಲಿಗೆಯೂ ಕೊನೆಯಲ್ಲಿ ಒಂದಿಷ್ಟು ಎಡಕ್ಕೆ ಕೊಕ್ಕೆ ಹಾಕಿತ್ತು. ಎಡಗೈಯವನು ಬರೆದದ್ದು.

“ಇದಕ್ಕೆ ಬಣ್ಣ ಹೊಡ್ದೋನು ಯಾರು?”

“ಸಾದಿಕಣ್ಣ. ನನ್ ಗ್ಯಾರೇಜು ಪಕ್ದಲ್ಲೇ ಆವಪ್ಪನ ಪೇಂಟಿಂಗ್ ಶೆಡ್ಡು. ಗ್ಲಾಸಿ ಬೇಕಾ, ಮ್ಯಾಟ್ ಬೇಕಾ, ಮೆಟಾಲಿಕ್ ಬೇಕಾ ಅಂತ ಎಂಟು ದಿನ ನನ್ ತಲೆ ತಿಂದ. ಕೊನೀಗೆ ಅವನೇ ಆರಿಸ್ದ. ಈ ಆಟದ ಕಾರೂ ನೀನೇ ಮಾಡ್ಕೊಡಣ್ಣ ಅಂದೆ. ‘ಕೂಸು ಬಾಯಿಗಿಟ್ಕೋತದೆ, ನನ್ನ ಬಣ್ಣ ಬ್ಯಾಡ. ಚನ್ನಪಟ್ಣಕ್ಕೋಗು, ಮೂಲೆಮನೆ, ಮುದುಕ ಒಸಿ ಕೋಪಿಷ್ಟ, ಆದ್ರೆ ಅಂಥ ಕೈ ಇನ್ನೊಂದಿಲ್ಲ’ ಅಂದ.”

“ಯಾರು ಕೋಪಿಷ್ಟ? ಯಾರೋ ಕೋಪಿಷ್ಟ?”

ಓಣಿಗೆಲ್ಲ ಕೇಳಿಸಿದ್ದು ಇದೇ. ಅಶ್ವಥ್ ಎರಡು ಹೆಜ್ಜೆ ಹಿಂದೆ ಸರಿದ. ಸಿರಿ ಮಾತ್ರ ಅಪ್ಪನ ಸೊಂಟದಿಂದ ಬಾಗಿ, ಹಲಗೆಯ ಮೇಲಿದ್ದ ಕೆಂಪು ಬಳೆಯೊಂದನ್ನು ಎತ್ತಿ ಸೀದಾ ಬಾಯಿಗೆ ಹಾಕಿಕೊಂಡಳು. ಜೊಲ್ಲು ಮೊಣಕೈವರೆಗೆ ಇಳಿಯಿತು. ಅದನ್ನು ನೋಡಿ ಸಾಹೇಬರಿಗೆ ನಗು ಬಂತು, ಆದರೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಸಾದಿಕ್ ಅಂದರೆ ಅವರ ಒಡಹುಟ್ಟಿದ ತಮ್ಮ. ಅಣ್ಣ ತಮ್ಮ ಮಾತಾಡಿ ಏಳು ವರ್ಷವಾಗಿತ್ತು. ಪಾಪ, ಈ ಸಂಗತಿ ಅಶ್ವಥನಿಗೆ ಗೊತ್ತಿರಲಿಲ್ಲ.

“ನೀವು ಮರದ್ದು ಮಾಡ್ಕೊಡಿ ಸಾಕು,” ಅಂದ ಅವನು, ಮೆಲ್ಲಗೆ. “ಬೆಂಕಿ ನಿಮ್ಗೆ ಆಗ್ದೇ ಇದ್ರೆ ಮ್ಯಾಲೊಂದು ಕೋಟು ಸಾದಿಕಣ್ಣನ ಕೈಲೇ ಹೊಡುಸ್ತೀನಿ.”

“ಬೆಂಕಿ ಇಲ್ಲೇ ಆಗ್ತದೆ,” ಅಂದುಬಿಟ್ಟರು ಸಾಹೇಬರು. ಹೇಗೆ ಆಗುತ್ತದೆ ಅನ್ನುವುದರ ತಲೆಬುಡ ಅವರಿಗೆ ಗೊತ್ತಿರಲಿಲ್ಲ.

ಆ ಮನೆಯಲ್ಲಿ ಅವರ ಅಪ್ಪನ ಕಾಲದಿಂದ ಒಂದು ಕಟ್ಟಳೆ. ಹೊಸದಾಗಿ ಕಾಸಿದ ಬಣ್ಣವನ್ನು ಮೊದಲು ಮನೆಯ ಯಜಮಾನ ಬಾಯಲ್ಲಿಟ್ಟು ಚೀಪಬೇಕು. ಬಾಯಲ್ಲಿಟ್ಟು ನೋಡದ ಬಣ್ಣ ಹೊಸಿಲು ದಾಟಬಾರದು. ಅರಗಿಗೆ ಅರಿಶಿನ, ಕುಂಕುಮ, ನೀಲಿ ಬೆರೆಸಿ ಕಡ್ಡಿ ಮಾಡುವುದು, ಲೇತಿನಲ್ಲಿ ಗಿರಗಿರ ತಿರುಗುವ ಮರಕ್ಕೆ ಆ ಕಡ್ಡಿ ಒತ್ತುವುದು, ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿದ ಮೇಲೆ ತಾಳೆಗರಿ ಒತ್ತಿ ಹೊಳಪು ತರುವುದು. ಇಷ್ಟೇ ಕಸುಬು. ಹಲ್ಲು ಬರುವ ಮಕ್ಕಳು ಕಚ್ಚುವ ಸಾಮಾನು ಇದು, ಇದರಲ್ಲಿ ತಮಾಷೆಯಿಲ್ಲ.

ಏಳು ವರ್ಷದ ಹಿಂದೆ ಮುನ್ನೂರು ಗಿಲಕಿಗಳ ಬೇಡಿಕೆ ಬಂದಿತ್ತು. ಕೊಡುವ ದಿನ ಹತ್ತಿರ ಬಂದರೂ ಅರ್ಧ ಕೆಲಸ ಹಾಗೇ ಉಳಿದಿತ್ತು. ಸಾದಿಕ್ ಯಾರಿಂದಲೋ ಸ್ಪ್ರೇ ಗನ್ ತಂದು, ಹಿತ್ತಲಲ್ಲಿ ಹಗ್ಗಕ್ಕೆ ಸಾಲಾಗಿ ನೇತುಹಾಕಿ, ಒಂದೇ ಮಧ್ಯಾಹ್ನದಲ್ಲಿ ನೂರೈವತ್ತು ಗಿಲಕಿಗೆ ಬಣ್ಣ ಹೊಡೆದು ಮುಗಿಸಿದ. ಗಾಜಿನ ಹಾಗೆ ಹೊಳೆಯುತ್ತಿದ್ದವು. ಸಾಹೇಬರು ಒಂದನ್ನು ಬಾಯಿಗಿಟ್ಟರು, ಥೂ ಎಂದು ಉಗಿದರು. ಗಿಲಕಿಗಳನ್ನೆಲ್ಲ ಓಣಿಯ ನಡುವೆ ರಾಶಿ ಹಾಕಿ ಬೆಂಕಿ ಕೊಟ್ಟರು. ಅಲ್ಲಿಗಾದರೂ ನಿಲ್ಲಿಸಬಾರದಿತ್ತೇ? ಜನವೆಲ್ಲ ನೋಡುತ್ತಿದ್ದ ಹಾಗೇ ಒಂದು ಗಿಲಕಿಯನ್ನು ತಮ್ಮನ ತುಟಿಗೆ ಒತ್ತಿ ಹಿಡಿದು, “ತಿನ್ನು. ಊರ ಮಕ್ಕಳಿಗೆ ತಿನ್ನಿಸೋಕೆ ಹೊರಟಿದ್ದೀಯಲ್ಲ, ಮೊದಲು ನೀನು ತಿನ್ನು” ಎಂದು ಕೂಗಿದರು. ನಲವತ್ತೈದು ವರ್ಷದ ಮನುಷ್ಯ. ಕೆಳತುಟಿ ಒಡೆದು ರಕ್ತ ಬಂತು. ಸಾದಿಕ್ ನಲ್ಲಿಯಲ್ಲಿ ಬಾಯಿ ತೊಳೆದುಕೊಂಡು, ಹೆಂಡತಿಯನ್ನು ಕರೆದುಕೊಂಡು ಸಂಜೆಯ ಬಸ್ಸಿಗೆ ರಾಮನಗರಕ್ಕೆ ಹೊರಟುಹೋದ.

ಬಣ್ಣದ ವಿಷಯದಲ್ಲಿ ಸಾಹೇಬರು ಸರಿ. ತುಟಿಯ ವಿಷಯದಲ್ಲಿ ತಪ್ಪು. ಇದು ಅವರಿಗೂ ಚೆನ್ನಾಗಿ ಗೊತ್ತಿತ್ತು. ಆದರೆ ‘ತಪ್ಪಾಯಿತು’ ಅನ್ನುವ ಮಾತು ಅರವತ್ತು ವರ್ಷದಲ್ಲಿ ಒಮ್ಮೆಯೂ ಆ ಬಾಯಿಂದ ಬಂದಿರಲಿಲ್ಲ, ಈಗ ಬಾ ಅಂದರೆ ಎಲ್ಲಿಂದ ಬರಬೇಕು?

ಅವತ್ತು ಮಧ್ಯಾಹ್ನ ತಟ್ಟೆಯ ಅನ್ನ ಹಾಗೇ ಇತ್ತು. ಹೆಂಡತಿ ತಾಹೇರಾ ಎದುರಿಗೆ ಕೂತು ನೋಡಿದಳು.

“ಏನ್ರೀ ಯೋಚನೆ?”

“ಕಾರಿನ ಬಣ್ಣ.”

“ಕಾರಿನ ಬಣ್ಣಕ್ಕೆ ಯಾರೂ ಅನ್ನ ಬಿಡಲ್ಲ. ಬಾಗಿಲ ಹಿಂದೆ ನಿಂತು ನಾನೂ ಕೇಳಿಸ್ಕೊಂಡೆ.” ಅವಳು ಸಾರಿನ ಪಾತ್ರೆ ಹತ್ತಿರ ಸರಿಸಿದಳು. “ನನ್ನ ಬಣ್ಣ ಮಗುವಿನ ಬಾಯಿಗೆ ಬೇಡ ಅಂತ ಅವನೇ ಅಂದಿದ್ದಾನೆ. ನೀವು ಅವತ್ತು ಹೇಳಿದ್ದು ಸರಿ ಅಂತ ಒಪ್ಪಿದ ಹಾಗಾಯ್ತಲ್ಲ. ಇನ್ನೇನು ಬೇಕು ನಿಮಗೆ? ಈಗ ಒಪ್ಪಬೇಕಾದವರು ನೀವು.”

“ನಾನೇನು ಒಪ್ಪಬೇಕು?” ಅನ್ನುವಾಗ ಸಾಹೇಬರ ಮಾತು ಕನ್ನಡಕ್ಕೆ ತಿರುಗಿತ್ತು.

“ಕನ್ನಡಕ್ಕೆ ಬಂದ್ರಲ್ಲ, ಅಲ್ಲಿಗೆ ಏನು ಅಂತ ನಿಮಗೇ ಗೊತ್ತು,” ಎಂದು ತಾಹೇರಾ ಎದ್ದುಹೋದಳು. ಪ್ರತಿ ವರ್ಷ ರಂಜಾನ್ ಹಬ್ಬಕ್ಕೆ ಅವಳು ಯಾರ ಕೈಯಲ್ಲಾದರೂ ಶೀರ್ ಖುರ್ಮಾ ಪಾಯಸದ ಡಬ್ಬಿಯನ್ನು ಮೈದುನನ ಮನೆಗೆ ಕಳಿಸುತ್ತಿದ್ದಳು. ಡಬ್ಬಿ ಒಮ್ಮೆಯೂ ಬರಿದಾಗಿ ವಾಪಸು ಬಂದಿರಲಿಲ್ಲ, ಒಳಗೆ ಒಂದು ಹಿಡಿ ಖರ್ಜೂರ ಇರುತ್ತಿತ್ತು. ಸಾಹೇಬರು ಆ ಖರ್ಜೂರ ತಿನ್ನುತ್ತಿದ್ದರು, ಎಲ್ಲಿಂದ ಬಂತು ಎಂದು ಮಾತ್ರ ಕೇಳುತ್ತಿರಲಿಲ್ಲ.

ಕೆಲಸ ಶುರುವಾಯಿತು. ಲೇತಿನಲ್ಲಿ ಹುಟ್ಟುವುದೆಲ್ಲ ಗುಂಡಗೆ, ಕಾರಿನ ತಳ ಮಾತ್ರ ಚಪ್ಪಟೆ. ಅದಕ್ಕೆ ಸಾಹೇಬರಿಗೆ ಒಂದು ಉಪಾಯ ಗೊತ್ತಿತ್ತು. ಬೊಂಬೆಗೆ ಬಳಸುವ ಒಣಗಿದ ಆಲೆಮರದ ಎರಡು ತುಂಡು ತೆಗೆದುಕೊಂಡು, ನಡುವೆ ಪೇಪರಿನ ಹಾಳೆ ಇಟ್ಟು ಅಂಟು ಹಾಕಿ ಒಂದೇ ಕೊರಡು ಮಾಡಿದರು. ಅದನ್ನು ಲೇತಿಗೆ ಕೂರಿಸಿ, ಉಳಿ ಹಿಡಿದು ಉದ್ದ ಬದನೆಕಾಯಿಯ ಆಕಾರಕ್ಕೆ ತಂದರು. ಬಣ್ಣ ಹಿಡಿಸಿ ಮುಗಿದ ಮೇಲೆ ಪೇಪರಿನ ಗೆರೆಗೆ ಉಳಿ ಇಟ್ಟು ಒಂದು ಏಟು ಕೊಟ್ಟರೆ ಕೊರಡು ಸೀಳಿ ಎರಡು ಹೋಳಾಗುತ್ತದೆ. ಒಂದು ಕೊರಡಿಗೆ ಎರಡು ಕಾರು. ಬೇಕಾಗಿದ್ದು ಒಂದೇ, ಇನ್ನೊಂದು ಯಾರಿಗೆ ಎಂದು ತಾಹೇರಾ ಕೇಳಲಿಲ್ಲ, ಇವರೂ ಹೇಳಲಿಲ್ಲ.

ಕೆಂಪು ಸಲೀಸಾಗಿ ಬಂತು. ಕಷ್ಟ ಕೊಟ್ಟದ್ದು ಬೆಂಕಿ. ತಿರುಗುವ ಮರಕ್ಕೆ ಕಡ್ಡಿ ಒತ್ತಿದರೆ ಸುತ್ತಲೂ ಪಟ್ಟೆ ಬರುತ್ತದೆಯೇ ಹೊರತು ನಾಲಿಗೆ ಎಲ್ಲಿಂದ ಬರಬೇಕು? ಮೊದಲ ದಿನ ಚಾಕುವಿನ ತುದಿ ಕಾಯಿಸಿ, ಅದರಲ್ಲಿ ಹಳದಿ ಅರಗು ಮೆತ್ತಿ ಬರೆದು ನೋಡಿದರು. ಕೆಳಗಿನ ಕೆಂಪೆಲ್ಲ ಬೊಬ್ಬೆ ಎದ್ದಿತು. ಎರಡನೆಯ ದಿನ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಕುಂಚದಲ್ಲಿ ಬರೆದರು. ನೋಡುವುದಕ್ಕೇನೋ ಚೆನ್ನಾಗಿತ್ತು. ಆದರೆ ಕಟ್ಟಳೆಯಂತೆ ಬಾಯಿಗಿಟ್ಟು ತೆಗೆದರೆ ಬೆಂಕಿ ಕಾರಿನ ಮೇಲೆ ಅರ್ಧ, ಸಾಹೇಬರ ನಾಲಿಗೆಯ ಮೇಲೆ ಅರ್ಧ!

ಮೂರನೆಯ ದಿನ ಅವರು ಮಾಡಿದ್ದನ್ನು ಹೇಳಲು ನನಗೇ ನಾಚಿಕೆ. ಬಸ್ ಸ್ಟ್ಯಾಂಡ್ ಹತ್ತಿರದ ಹಾರ್ಡ್‌ವೇರ್ ಅಂಗಡಿಗೆ ಹೋಗಿ, ಯಾರಾದರೂ ಗುರುತಿನವರು ಇದ್ದಾರಾ ಎಂದು ಎರಡೆರಡು ಸಲ ತಿರುಗಿ ನೋಡಿ, ಹಳದಿ ಎನಾಮಲ್ ಪೇಂಟಿನ ಪುಟ್ಟ ಡಬ್ಬಿಯೊಂದನ್ನು ಕೊಂಡರು. ಪೇಪರಿನಲ್ಲಿ ಸುತ್ತಿ ಜುಬ್ಬದೊಳಗೆ ಇಟ್ಟುಕೊಂಡು ಬಂದು, ಮರದ ಹೊಟ್ಟಿನ ಮೂಟೆಯ ಹಿಂದೆ ಬಚ್ಚಿಟ್ಟರು. ನೂರೈವತ್ತು ಗಿಲಕಿ ಸುಟ್ಟ ಮಹಾನುಭಾವರು! ಕಸ ಗುಡಿಸಲು ಬಂದ ತಾಹೇರಾಳ ಪೊರಕೆಗೆ ಡಬ್ಬಿ ಠಣ್ ಎಂದು ತಗುಲಿತು.

“ಇದೇನ್ರೀ, ತುಪ್ಪಾನಾ?”

ಸಾಹೇಬರು ಲೇತಿನ ಕಡೆ ಮುಖ ಮಾಡಿ ಕೂತರು. ತಾಹೇರಾ ಮುಚ್ಚಳ ಮೀಟಿದಳು. ವಾಸನೆ ಅಂಗಡಿಯ ತುಂಬ ಹರಡಿತು, ಏಳು ವರ್ಷದ ಹಿಂದೆ ಹಿತ್ತಲಲ್ಲಿ ಹಗ್ಗದ ಸಾಲಿನಿಂದ ಬಂದ ಅದೇ ವಾಸನೆ.

“ಮುಚ್ಚು ಅದನ್ನ,” ಎಂದರು ಸಾಹೇಬರು. ದನಿ ಜೋರಿರಲಿಲ್ಲ. “ನನ್ನ ಕೈಲಿ ಆಗಲ್ಲ ತಾಹೇರಾ. ಬರಿ ಮರ ಕೊಟ್ಟು ಕಳಿಸಿಬಿಡ್ತೀನಿ. ಬೆಂಕಿ ಅವನೇ ಬರ್ಕೊಳ್ಳಲಿ.”

“ಅವನು ಬರೀತಾನೆ. ಮಗು ಅದನ್ನ ಕಚ್ಚುತ್ತೆ. ಆಮೇಲೆ ಅಣ್ಣ ತಮ್ಮ ಇನ್ನೊಂದು ಏಳು ವರ್ಷ ಮುಖ ಊದಿಸ್ಕೊಂಡು ಕೂತಿರಿ.” ಅವಳು ಡಬ್ಬಿಯನ್ನು ಸೊಂಟಕ್ಕೆ ಒತ್ತಿಕೊಂಡಳು. “ಇದು ಹಿತ್ತಲ ಗೇಟಿಗೆ ಆಗುತ್ತೆ.” ಸಂಜೆಯೊಳಗೆ ಗೇಟಿಗೆ ತಾನೇ ಬಣ್ಣ ಬಳಿದಳು.

ಮಾರನೆಯ ದಿನ ಕೆಲಸ ಎಲ್ಲಿಗೆ ಬಂತು ಎಂದು ನೋಡಲು ಅಶ್ವಥ್ ಬಂದ, ಸಿರಿಯೂ ಬಂದಿದ್ದಳು. ಸಾಹೇಬರು ಎಂಟು ಪುಟಾಣಿ ಕೊಳವೆಗಳನ್ನೂ, ಹಿಂದಿನ ದೊಡ್ಡ ಚಕ್ರ, ಮುಂದಿನ ಚಿಕ್ಕ ಚಕ್ರಗಳನ್ನೂ ತೋರಿಸಿದರು. ಕೊಳವೆ ನೋಡಿ ಅಶ್ವಥ್ ಹಿಗ್ಗಿಹೋದ.

“ಅಯ್ ಸಾಬ್ರೇ, ಸೈಲೆನ್ಸರ್ ಪೈಪೂ ಮಾಡ್ಬುಟ್ಟಿದ್ದೀರಲ್ಲ! ಬೆಂಕಿ?”

“ಆಗ್ತದೆ.”

“ಸಾದಿಕಣ್ಣ ದಿನಾ ಕೇಳ್ತನೆ. ಬೆಂಕಿ ಹೆಂಗೆ ಮಾಡ್ತವ್ನೆ ಮುದುಕ, ಬೆಂಕಿ ಹೆಂಗೆ ಮಾಡ್ತವ್ನೆ ಅಂತ. ಕೆಲ್ಸ ಬುಟ್ಟು ಬಂದು ಕೇಳ್ತನೆ.”

ಆ ಹೊತ್ತಿಗೆ ಸಿರಿ ಮೂಲೆಯಲ್ಲಿದ್ದ ತಗಡಿನ ಪೆಟ್ಟಿಗೆಯನ್ನು ಬೋರಲು ಹಾಕಿದ್ದಳು. ಅದರಲ್ಲಿದ್ದದ್ದೆಲ್ಲ ಹಳೆಯ ಕೆಟ್ಟ ಸಾಮಾನು, ಸಾಹೇಬರ ಅಮ್ಮ ಇದ್ದಾಗ ಎಸೆಯಲು ಬಿಡದೆ ತುಂಬಿಟ್ಟದ್ದು. ಮಗು ಅದರಿಂದ ಒಂದು ಬುಗುರಿ ಎತ್ತಿ ಬಾಯಿಗೆ ತುರುಕಿಕೊಂಡಿತ್ತು. ಸಾಹೇಬರು “ಕೊಡಮ್ಮ ಬಂಗಾರಿ, ಧೂಳು” ಎಂದು ಹೊರಗೆಳೆದರು. ಜೊಲ್ಲಿಗೆ ಧೂಳು ತೊಳೆದುಹೋಗಿ ಬಣ್ಣ ಮೇಲೆದ್ದಿತ್ತು. ಕೆಂಪು ಬುಗುರಿ. ಅದರ ಒಂದೇ ಮಗ್ಗುಲಲ್ಲಿ ಬುಡದಲ್ಲಿ ಅಗಲವಾಗಿ, ಮೇಲೆ ಹೋಗುತ್ತ ಚೂಪಾಗಿ, ಹಳದಿಯ ಒಂದು ನಾಲಿಗೆ.

ಅವರು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಆ ಬುಗುರಿಯನ್ನು ನೋಡುತ್ತಲೇ ಇದ್ದರು. ಎಲ್ಲ ನೆನಪಾಯಿತು. ಆಗ ಸಾದಿಕನಿಗೆ ಹನ್ನೊಂದು ವರ್ಷ, ಇವರಿಗೆ ಹತ್ತೊಂಬತ್ತು. ಹುಡುಗ ಮೊದಲ ಸಲ ತಾನೇ ಮರ ಕೂರಿಸಿದ್ದ, ಓರೆಯಾಗಿ. ಓರೆ ಕೂತ ಮರ ಸುತ್ತುವಾಗ ತೊನೆದಾಡುತ್ತದೆ, ಉಬ್ಬಿ ಬಂದ ಮಗ್ಗುಲಿಗೆ ಮಾತ್ರ ಕಡ್ಡಿ ತಾಗುತ್ತದೆ, ಬಣ್ಣ ಅಲ್ಲೊಂದೇ ಕಡೆ ಹಿಡಿಯುತ್ತದೆ. ಕಸುಬಿನಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ಓರೆ ಕೂರಿಸಿದವನ ಕಪಾಳಕ್ಕೆ ಒಂದು, ಅದು ಅಪ್ಪನ ಇನ್ನೊಂದು ಕಟ್ಟಳೆ. ಹುಡುಗ ಬುಗುರಿಯನ್ನು ಚಡ್ಡಿಯ ಜೇಬಿಗೆ ಹಾಕಿಕೊಂಡು ಬಚ್ಚಿಟ್ಟಿದ್ದ. ಅದನ್ನು ಜೇಬಿನಿಂದ ತೆಗೆದು ಅಪ್ಪನಿಗೆ ತೋರಿಸಿದವನು, ನಗುತ್ತ ತೋರಿಸಿದವನು, ಈ ಕರೀಮನೇ. ಏಟು ಬಿತ್ತು. ಅವತ್ತೂ ಸಾದಿಕ್ ಅಳಲಿಲ್ಲ, ನಲ್ಲಿಗೆ ಹೋಗಿ ಮುಖ ತೊಳೆದುಕೊಂಡ. ಛೆ, ಎಂಥ ಅಣ್ಣ ನಾನು, ಎಂದು ಸಾಹೇಬರಿಗೆ ಅನ್ನಿಸಿತು. ಕಣ್ಣು ತುಂಬಿ ಬಂದವು, ಮಗುವಿನ ನೆತ್ತಿಗೆ ಮುಖ ತಗ್ಗಿಸಿ ಮರೆಮಾಡಿಕೊಂಡರು.

“ನಾಡಿದ್ದು ಬಾ,” ಎಂದರು ಅಶ್ವಥನಿಗೆ. “ಬೆಂಕಿ ಸಿಕ್ತು.”

ಹೇಳಿದಷ್ಟು ಸುಲಭವಾಗಿರಲಿಲ್ಲ. ನಲವತ್ತಕ್ಕೂ ಹೆಚ್ಚು ವರ್ಷ ಮರವನ್ನು ನೆಟ್ಟಗೆ ಕೂರಿಸಿದ ಕೈಗಳು ಅವು, ಓರೆ ಕೂರಿಸು ಅಂದರೆ ಜಪ್ಪಯ್ಯ ಅಂದರೂ ಕೇಳಲಿಲ್ಲ. ಸಾಹೇಬರು ಕೊರಡನ್ನು ಲೇತಿಗೆ ಕಚ್ಚಿಸುವ, ಮೂತಿಯ ಕಡೆಯ ಮೊಳೆಯನ್ನು ಒಂದು ಕಡಲೆಕಾಳಿನಷ್ಟು ಪಕ್ಕಕ್ಕೆ ಸರಿಸುತ್ತಾರೆ, ಬೆರಳುಗಳು ತಮಗೆ ತಾವೇ ಅದನ್ನು ನಡುವಿಗೆ ತರುತ್ತವೆ. ಮೂರು ಸಲ ಹೀಗೇ ಆಯಿತು. ನಾಲ್ಕನೆಯ ಸಲ ಕಣ್ಣು ಮುಚ್ಚಿಕೊಂಡು, ಹಲ್ಲು ಕಚ್ಚಿ ಮೊಳೆ ಬಿಗಿದರು. ಸ್ವಿಚ್ ಒತ್ತಿದ್ದೇ ತಡ, ಕೊರಡು ಕುಡಿದವನಂತೆ ತೊನೆದಾಡಿ, ಲೇತಿನಿಂದ ಹಾರಿ, ಗೋಡೆಯ ಕ್ಯಾಲೆಂಡರಿಗೆ ಬಡಿದು, ಪೇಪರಿನ ಗೆರೆಗೆ ಸರಿಯಾಗಿ ಎರಡು ಹೋಳಾಗಿ ಬಿತ್ತು.

ತಾಹೇರಾ ಒಳಗಿಂದ ಓಡಿ ಬಂದಳು. “ಏನಾಯ್ತ್ರೀ? ಹೇಗೆ ಹಾರ್ತು?”

“ಓರೆ ಕೂರಿಸಿದ್ದೆ.”

“ನೀವಾ?” ಎಂದಳು ಅವಳು. ಗಂಡನ ಕೈಯಲ್ಲಿದ್ದ ಹಳೆಯ ಬುಗುರಿ ಕಣ್ಣಿಗೆ ಬಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಆ ಬುಗುರಿಯ ಕಥೆಯನ್ನು ಅವಳಿಗೆ ಹತ್ತು ಸಲವಾದರೂ ಹೇಳಿದ್ದರು. ಗೋಡೆಯ ಹತ್ತಿರ ಬಿದ್ದಿದ್ದ ಹೋಳುಗಳನ್ನು ಸೆರಗಿನಲ್ಲಿ ಎತ್ತಿಕೊಂಡು ಬಂದು ಪಕ್ಕದಲ್ಲಿಟ್ಟಳು.

ಹೊಸ ಕೊರಡು, ಹೊಸ ಕೆಂಪು. ಈ ಸಲ ವೇಗ ತಗ್ಗಿಸಿದರು. ಮೊಳೆ ಸರಿಸಿದರು, ಕೊರಡು ತೊನೆಯಿತು, ಹಾರಲಿಲ್ಲ. ಅರಿಶಿನದ ಕಡ್ಡಿಯನ್ನು ಉಸಿರು ಬಿಗಿಹಿಡಿದು ಸ್ವಲ್ಪವೇ ತಾಗಿಸಿದರು. ಟಕ್ ಟಕ್ ಟಕ್ ಎಂದು ಉಬ್ಬಿದ ಮಗ್ಗುಲು ಮಾತ್ರ ಬಂದು ಕಡ್ಡಿಯನ್ನು ನೆಕ್ಕಿ ಹೋಯಿತು. ನಿಲ್ಲಿಸಿ ನೋಡಿದರೆ ಮೂತಿಯಲ್ಲಿ ಅಗಲವಾಗಿ, ಹಿಂದಕ್ಕೆ ಚೂಪಾಗುತ್ತ ಹೋದ ಒಂದು ಹಳದಿ ನಾಲಿಗೆ. ಮೊಳೆಯನ್ನು ಇನ್ನೊಂದು ಮಗ್ಗುಲಿಗೆ ಸರಿಸಿದರು, ಎರಡನೆಯದು ಬಂತು. ಹೀಗೆ ಸುತ್ತಲೂ ಎಂಟು. ತಾಳೆಗರಿ ಒತ್ತಿದಾಗ ಅಂಚಿನ ಹಳದಿ ಕರಗಿ ಕೆಂಪಿನೊಳಗೆ ಹೊಕ್ಕು, ನಡುವೆ ಕಿತ್ತಳೆ ಬಣ್ಣ ಹುಟ್ಟಿತು. ಇಂಥ ಕಿತ್ತಳೆಯನ್ನು ಅವರು ಕಂಡಿರಲೂ ಇಲ್ಲ, ಮಾಡಿರಲೂ ಇಲ್ಲ. ಮೊಳೆಯ ತೂತುಗಳು ಮೂತಿಯ ಜಾಲರಿಯ ಕೆಳಗೆ ಮುಚ್ಚಿಹೋಗುವಂಥವು. ಸಾಹೇಬರು ಒಬ್ಬರೇ ಕೂತು ಮಗುವಿನ ಹಾಗೆ ನಕ್ಕರು.

ಇನ್ನು ಹೊಳಪಿನ ಮಾತು. ಇನ್ನೂ ನಾಲ್ಕು ಸಲ ಗರಿ ಎಳೆದರೆ ಕನ್ನಡಿಯಾಗುತ್ತಿತ್ತು, ಸಾದಿಕ್ ಕಾರಿಗೆ ಕೊಟ್ಟಿದ್ದ ಹೊಳಪಿಗೆ ಸಮನಾಗುತ್ತಿತ್ತು. ಸಾಹೇಬರು ಗರಿ ಎತ್ತಿದರು, ಯೋಚಿಸಿದರು, ಕೆಳಗಿಟ್ಟರು. ತಮ್ಮನನ್ನು ಸೋಲಿಸುವುದಕ್ಕೆ ಮಾಡಿದ ಕಾರಲ್ಲ ಇದು. ಮಗುವಿನ ಕೈಗೆ ಹಿಡಿತ ಸಿಗಬೇಕು, ಬೆಂಕಿ ಕಾಣಬೇಕು, ಅಷ್ಟು ಸಾಕು ಎಂದುಕೊಂಡು ತೆಳುವಾದ ಹೊಳಪಿಗೇ ನಿಲ್ಲಿಸಿದರು. ಕೊರಡನ್ನು ಬಾಯಿಗಿಟ್ಟು ಚೀಪಿದರು. ಕೈಗೆ ಬಣ್ಣ ಬರಲಿಲ್ಲ, ನಾಲಿಗೆಗೆ ರುಚಿ ಹತ್ತಲಿಲ್ಲ. ಆಮೇಲೆ ಉಳಿ ಇಟ್ಟು ಒಂದು ಏಟು ಕೊಟ್ಟರು.

ಹೇಳಿದ ದಿನ ಅಶ್ವಥ್ ಬಂದಾಗ ಎರಡು ಕಾರುಗಳು ಚಕ್ರ ಹಾಕಿಕೊಂಡು ಹಲಗೆಯ ಮೇಲೆ ನಿಂತಿದ್ದವು. ಅವನು ತನ್ನದನ್ನು ಎತ್ತಿಕೊಂಡು ನೆಲದ ಮೇಲೆ ಕೂತು ಒಮ್ಮೆ ಓಡಿಸಿದ. ಸಿರಿ ಅದನ್ನು ಕಿತ್ತುಕೊಂಡು ಮೂತಿಯನ್ನು ಕಚ್ಚಿ ನೋಡಿ, ಎದೆಗೆ ಅವುಚಿಕೊಂಡಳು.

“ಇನ್ನೊಂದು ಯಾರಿಗೆ ಸಾಬ್ರೇ?”

“ನಿನ್ನ ಪೇಂಟರಿಗೆ ಕೊಡು.”

“ಏನಂತ ಹೇಳ್ಲಿ?”

ಸಾಹೇಬರು ಉಳಿ ಕೈಗೆತ್ತಿಕೊಂಡರು. “ಏನೂ ಹೇಳ್ಬೇಡ. ಕೊಡು ಸಾಕು.”

ಒಂದು ದಿನ ಕಳೆಯಿತು, ಎರಡು ದಿನ ಕಳೆಯಿತು. ಸಾಹೇಬರು ಲೇತಿನ ಮುಂದೆ ಕೂತರೂ ಕಣ್ಣು ಓಣಿಯ ಕಡೆಗೇ. ಸ್ಕೂಟರಿನ ಸದ್ದಾದರೆ ಸಾಕು, ಕೈಯ ಉಳಿ ನಿಲ್ಲುತ್ತಿತ್ತು. ಎಸೆದಿರುತ್ತಾನೆ, ಎಂದರು ತಾಹೇರಾಳಿಗೆ. ಎಸೆಯುವವನು ದಿನಾ ಕೇಳುತ್ತಿರಲಿಲ್ಲ, ಎಂದಳು ಅವಳು. ನಗಾಡಿರುತ್ತಾನೆ, ಎಂದರು. ನಗಲಿ ಬಿಡಿ, ಏಳು ವರ್ಷ ಆಯ್ತು ಅವನ ನಗು ಕೇಳಿ, ಎಂದಳು.

ಮೂರನೆಯ ದಿನ ಶುಕ್ರವಾರ. ಮಧ್ಯಾಹ್ನದ ನಮಾಜು ಮುಗಿಸಿ ಸಾಹೇಬರು ಮನೆಗೆ ಬಂದು ಟೋಪಿ ತೆಗೆಯುವ ಹೊತ್ತಿಗೆ ಹಿತ್ತಲ ಕಡೆಯಿಂದ ಒಂದು ದನಿ ಬಂತು.

“ಈ ಗೇಟಿಗೆ ಯಾರು ಬಣ್ಣ ಹೊಡ್ದಿದ್ದು? ಎಲ್ಲ ಸೋರಿ ಹೋಗಿದೆ.”

ಮುಂಬಾಗಿಲಿಗೆ ಬಂದರೆ ಹೊರಗಿನವನಾಗುತ್ತೇನೆ ಎಂದೋ ಏನೋ, ಸಾದಿಕ್ ಹಿತ್ತಲಿಂದಲೇ ಬಂದಿದ್ದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಎಡಗೈಯಲ್ಲಿ ಕಾರು. ತಾಹೇರಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸಾಹೇಬರು ಟೋಪಿಯನ್ನು ಕೈಯಲ್ಲೇ ಹಿಡಿದುಕೊಂಡು ಹಿತ್ತಲಿಗೆ ಬಂದು ನಿಂತರು. ತಮ್ಮನ ಕೆಳತುಟಿ ಒಡೆದ ಜಾಗದಲ್ಲಿ ಒಂದು ಸಣ್ಣ ಬಿಳಿ ಗೆರೆ ಉಳಿದಿತ್ತು. ಇಷ್ಟು ವರ್ಷ ಆ ಗೆರೆ ಅಲ್ಲಿರುತ್ತದೆ ಎಂದು ಅವರು ಯೋಚಿಸಿಯೇ ಇರಲಿಲ್ಲ.

ಸಾದಿಕ್ ಅಣ್ಣನನ್ನು ನೋಡಿದ. ಕಾರನ್ನು ಎತ್ತಿದ. ಯಾರೂ ಒತ್ತದೆ, ಯಾರೂ ಹೇಳದೆ, ತಾನೇ ಅದರ ಮೂತಿಯನ್ನು ಬಾಯಿಗಿಟ್ಟು ಚೀಪಿದ. ಹೊರಗೆ ತೆಗೆದು, ಹೆಬ್ಬೆರಳಲ್ಲಿ ಬೆಂಕಿಯ ಮೇಲೆ ಮೆಲ್ಲಗೆ ಉಜ್ಜಿ, ಬೆರಳು ನೋಡಿಕೊಂಡ.

“ಬಣ್ಣ ಸರಿಯಾಗಿದೆ,” ಎಂದ. ಆಮೇಲೆ ಕಾರನ್ನು ಬೆಳಕಿಗೆ ತಿರುಗಿಸಿ, “ಆದರೆ ಭಾಯಿ, ಮರ ಓರೆ ಕೂರಿಸಿದ್ದೀಯ” ಎಂದ.

“ಹೂಂ. ಓರೆ ಕೂರಿಸಿದ್ದೀನಿ. ಬೇಕಂತಲೇ ಕೂರಿಸಿದ್ದೀನಿ.”

“ಅಪ್ಪ ಇದ್ದಿದ್ರೆ ಕಪಾಳಕ್ಕೆ ಬಿಡ್ತಿದ್ರು.”

“ಅಪ್ಪ ಇಲ್ಲ,” ಎಂದರು ಸಾಹೇಬರು. ಎರಡು ಹೆಜ್ಜೆ ಮುಂದೆ ಬಂದು ತಮ್ಮನ ಎದುರಿಗೆ ಕೆನ್ನೆ ಕೊಟ್ಟು ನಿಂತರು. “ನೀನಿದ್ದೀಯಲ್ಲ. ನೀನೇ ಬಿಡು. ತಪ್ಪು ಮಾಡಿದ್ದೀನಿ ಕಣೋ. ಬುಗುರಿ ತೋರಿಸಿದ್ದೂ ತಪ್ಪು, ಗಿಲಕಿ ಒತ್ತಿದ್ದೂ ತಪ್ಪು. ಹೊಡಿ.”

ಸಾದಿಕ್ ಎಡಗೈಯ ಕಾರನ್ನು ಬಲಗೈಗೆ ತೆಗೆದುಕೊಂಡ. 

ಎಡಗೈ ಎತ್ತಿದ. ಆ ಕೈ ಬಂದು ಅಣ್ಣನ ಕೆನ್ನೆಯ ಮೇಲೆ ಕೂತಿತು, ಅಲ್ಲೇ ಇತ್ತು. ಅದರಿಂದ ಥಿನ್ನರಿನ ವಾಸನೆ ಬರುತ್ತಿತ್ತು, ಸಾಹೇಬರು ಮುಖ ತಿರುಗಿಸಲಿಲ್ಲ.

ಅಷ್ಟೂ ಮಾತು ಉರ್ದುವಿನಲ್ಲೇ ನಡೆದಿತ್ತು. ಒಂದು ಕನ್ನಡದ ಶಬ್ದವೂ ಹೊರಗೆ ಬೀಳದೆ ಅಷ್ಟು ಹೊತ್ತು ಮೂಲೆಮನೆ ಮೆತ್ತಗಿದ್ದದ್ದು ನೋಡಿ, ಓಣಿಯವರು ಲೇತ್ ನಿಲ್ಲಿಸಿ, ಸಾಹೇಬರಿಗೆ ಏನಾದರೂ ಆಯಿತೇ ಎಂದು ಗಾಬರಿಯಿಂದ ಬಂದು ಇಣುಕಿದರು. ತಾಹೇರಾ ಅವರನ್ನೆಲ್ಲ ಬಾಗಿಲಲ್ಲೇ ತಡೆದಳು. “ಏನೂ ಆಗಿಲ್ಲ, ಹೋಗಿ,” ಎಂದಳು, ಕಣ್ಣು ಒರೆಸಿಕೊಳ್ಳುತ್ತ. “ನನ್ನ ಮೈದುನ ಊಟಕ್ಕೆ ಬಂದಿದ್ದಾನೆ.”